ರಾತ್ರಿ ಮೀನಖಂಡ ಹಿಡಿದುಕೊಂಡರೆ ಏನು ಮಾಡಬೇಕು?

ಒಳ್ಳೆ ನಿದ್ದೆಯಲ್ಲಿರುತ್ತೀರಿ. ಇದ್ದಕ್ಕಿದ್ದಂತೆ ಮೀನಖಂಡ ಗಂಟು ಕಟ್ಟಿಕೊಳ್ಳುತ್ತದೆ. ಪಾದ ತಾನಾಗೇ ಕೆಳಕ್ಕೆ ಬಾಗುತ್ತದೆ, ಬೆರಳುಗಳು ಸೆಟೆದುಕೊಳ್ಳುತ್ತವೆ. ಮುಟ್ಟಿ ನೋಡಿದರೆ ಅಲ್ಲಿ ಮಾಂಸ ಇದೆಯೋ ಕಲ್ಲಿದೆಯೋ ಅನ್ನಿಸುತ್ತದೆ. ಕೆಲವರಿಗೆ ಅರ್ಧ ನಿಮಿಷದಲ್ಲಿ ಬಿಡುತ್ತದೆ, ಕೆಲವರಿಗೆ ಐದು ಹತ್ತು ನಿಮಿಷ ಬಿಡುವುದೇ ಇಲ್ಲ. ಬಿಟ್ಟ ಮೇಲೂ ಮಾರನೇ ದಿನ ಮೆಟ್ಟಿಲು ಇಳಿಯುವಾಗ ನೋವು ಇದ್ದೇ ಇರುತ್ತದೆ.

ಐವತ್ತು ದಾಟಿದವರಲ್ಲಿ ಇದು ತುಂಬಾ ಸಾಮಾನ್ಯ. ಬಸುರಿಯರಲ್ಲೂ ಅಷ್ಟೇ. ಹೆಚ್ಚಿನವರಲ್ಲಿ ಇದರ ಹಿಂದೆ ಯಾವ ದೊಡ್ಡ ಕಾಯಿಲೆಯೂ ಇರುವುದಿಲ್ಲ. ಹಾಗಂತ ವಾರಕ್ಕೆ ಮೂರು ನಾಲ್ಕು ರಾತ್ರಿ ಎದ್ದು ಕೂರುವವರಿಗೆ "ವಯಸ್ಸಾಯ್ತಲ್ಲ, ಇರೋದೇ ಬಿಡಿ" ಅಂದರೆ ಏನು ಸಮಾಧಾನ? ಮಾಡಬಹುದಾದ್ದು ಬೇಕಾದಷ್ಟಿದೆ. ಅದರಲ್ಲಿ ಮುಖ್ಯವಾದವು ಯಾವುವೂ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ.

ಹಿಡಿದುಕೊಂಡ ಆ ಕ್ಷಣ

ಈಗಲೇ ಕಾಲು ಹಿಡಿದುಕೊಂಡು ಇದನ್ನು ಓದುತ್ತಿದ್ದರೆ, ಇಷ್ಟು ಮಾಡಿ:

1. ಬೆರಳುಗಳನ್ನು ಮುಂದಕ್ಕೆ ಚಾಚಬೇಡಿ. ನೋವಾದಾಗ ಕಾಲು ಹಾಗೇ ಮಾಡಲು ಹೋಗುತ್ತದೆ. ಅದರಿಂದ ಸೆಳೆತ ಇನ್ನೂ ಬಿಗಿಯಾಗುತ್ತದೆ.

2. ಮಂಡಿ ನೇರ ಮಾಡಿ, ಪಾದವನ್ನು ನಿಮ್ಮ ಮುಖದ ಕಡೆಗೆ ಎಳೆದುಕೊಳ್ಳಿ. ಕೈ ಎಟುಕಿದರೆ ಕೈಯಿಂದ. ಎಟುಕದಿದ್ದರೆ ಟವೆಲನ್ನೋ ಪಂಚೆಯನ್ನೋ ದುಪಟ್ಟವನ್ನೋ ಅಂಗಾಲಿಗೆ ಸುತ್ತಿ, ಎರಡೂ ತುದಿ ಹಿಡಿದು ಎಳೆಯಿರಿ. ಬಟ್ಟೆ ಪಾದದ ನಡುವೆ ಇರಬಾರದು, ಬೆರಳುಗಳ ಬುಡದ ಹತ್ತಿರ ಇರಬೇಕು. ನಡುವೆ ಇದ್ದರೆ ಎಷ್ಟು ಎಳೆದರೂ ಪಾದ ಸರಿಯಾಗಿ ಮೇಲಕ್ಕೆ ಬಾಗುವುದಿಲ್ಲ.

3. ಜರ್ಕ್ ಕೊಡಬೇಡಿ. ನಿಧಾನಕ್ಕೆ ಎಳೆದು, ಹಾಗೇ ಹಿಡಿದುಕೊಂಡಿರಿ. ಮೊದಲ ಕೆಲವು ಸೆಕೆಂಡ್ ನೋವು ಜಾಸ್ತಿಯಾದ ಹಾಗೆ ಅನ್ನಿಸುತ್ತದೆ. ಆಗ ಬಿಟ್ಟುಬಿಟ್ಟರೆ ಮತ್ತೆ ಹಿಡಿದುಕೊಳ್ಳುತ್ತದೆ. ಗಂಟು ಸಡಿಲವಾಗುವುದು ಕೈಗೇ ಗೊತ್ತಾಗುತ್ತದೆ. ಅಲ್ಲಿಯ ತನಕ ಬಿಡಬೇಡಿ.

4. ಎದ್ದು ನಿಲ್ಲುವ ಶಕ್ತಿ ಇದ್ದರೆ ಅದೂ ಒಳ್ಳೆಯ ಉಪಾಯ. ಹಿಮ್ಮಡಿಯನ್ನು ಪೂರ್ತಿ ನೆಲಕ್ಕೆ ಊರಿ, ಆ ಕಾಲಿನ ಮೇಲೆ ನಿಧಾನಕ್ಕೆ ಭಾರ ಹಾಕಿ. ಆದರೆ ಹಾಸಿಗೆಯಿಂದ ಹಾರಿ ಇಳಿಯಬೇಡಿ. ಮೊದಲು ಲೈಟ್ ಹಾಕಿ, ಮಂಚದ ಅಂಚಿನಲ್ಲಿ ಕೂತು, ಏನನ್ನಾದರೂ ಹಿಡಿದುಕೊಂಡು ಏಳಿ. ಸೆಳೆತದಿಂದ ಯಾರಿಗೂ ಮೂಳೆ ಮುರಿಯುವುದಿಲ್ಲ. ಕತ್ತಲಲ್ಲಿ ಕುಂಟುತ್ತಾ ಹೋಗಿ ಬಿದ್ದರೆ ಸೊಂಟದ ಮೂಳೆ ಮುರಿಯುತ್ತದೆ. ವಯಸ್ಸಾದವರ ವಿಷಯದಲ್ಲಿ ನಾನು ಹೆಚ್ಚು ಹೆದರುವುದು ಇದಕ್ಕೇ.

5. ಗಂಟು ಬಿಟ್ಟ ಮೇಲೆ ಮೀನಖಂಡವನ್ನು ಅಂಗೈಯಿಂದ ತಿಕ್ಕಿ. ಎರಡು ಮೂರು ನಿಮಿಷ ಮನೆಯೊಳಗೇ ಅಡ್ಡಾಡಿ, ಆಮೇಲೆ ಮಲಗಿ.

ಪಕ್ಕದಲ್ಲಿ ಯಾರಾದರೂ ಇದ್ದರೆ ಅವರಿಗೆ ಇದನ್ನು ಹಗಲು ಹೊತ್ತಿನಲ್ಲೇ ಹೇಳಿಕೊಟ್ಟಿರಿ. ಒಂದು ಕೈ ಹಿಮ್ಮಡಿಯ ಕೆಳಗೆ. ಇನ್ನೊಂದು ಅಂಗೈ ಬೆರಳುಗಳ ಬುಡಕ್ಕೆ. ಮಂಡಿ ಮಡಿಸದ ಹಾಗೆ ನೋಡಿಕೊಂಡು ಪಾದವನ್ನು ಮೇಲಕ್ಕೆ ಒತ್ತಬೇಕು. ಅಷ್ಟೇ. ಹೆಚ್ಚಿನ ಮನೆಗಳಲ್ಲಿ ಪಕ್ಕದವರು ಗಾಬರಿಯಿಂದ ಎದ್ದು, ಬಿಗಿದ ಮಾಂಸವನ್ನೇ ಜೋರಾಗಿ ಹಿಸುಕುತ್ತಾರೆ ಇಲ್ಲವೇ ಎಣ್ಣೆ ಹುಡುಕಲು ಓಡುತ್ತಾರೆ. ಎಣ್ಣೆ ಆಮೇಲೆ ಹಚ್ಚಿದರೆ ಸಾಕು, ಮೊದಲು ಪಾದ ಬಾಗಲಿ.

ಸೆಳೆತ ಬೇರೆ ಕಡೆ ಬಂದರೂ ಲೆಕ್ಕ ಒಂದೇ: ಬಿಗಿದ ಸ್ನಾಯು ಉದ್ದವಾಗಬೇಕು. ಅಂಗಾಲಿನಲ್ಲಿ ಬಂದರೆ ಕಾಲ್ಬೆರಳುಗಳನ್ನು ಮೇಲಕ್ಕೆ ಎತ್ತಿ ಹಿಡಿಯಿರಿ. ತೊಡೆಯ ಹಿಂಭಾಗದಲ್ಲಿ ಬಂದರೆ ಮಂಡಿ ನೇರ ಮಾಡಿ ಕಾಲು ಚಾಚಿ. ತೊಡೆಯ ಮುಂಭಾಗದಲ್ಲಿ ಬಂದರೆ ಉಲ್ಟಾ, ಮಂಡಿ ಮಡಿಸಿ ಹಿಮ್ಮಡಿಯನ್ನು ಕುಂಡಿಯ ಕಡೆಗೆ ತನ್ನಿ.

ಉಳಿದ ನೋವಿಗೆ ಶಾಖ, ಆದರೆ ನೋಡಿಕೊಂಡು

ಮಾರನೇ ದಿನದ ನೋವಿಗೆ ಬಿಸಿನೀರಿನ ಚೀಲ, ಬಟ್ಟೆಯಲ್ಲಿ ಕಟ್ಟಿದ ಹುರಿದ ಉಪ್ಪಿನ ಶಾಖ, ಬೆಚ್ಚಗಿನ ಎಣ್ಣೆ, ಯಾವುದಾದರೂ ಸರಿ. ಕೊಬ್ಬರಿ ಎಣ್ಣೆಯೋ ಎಳ್ಳೆಣ್ಣೆಯೋ ಅನ್ನುವ ಚರ್ಚೆ ಬೇಡ. ಕೆಲಸ ಮಾಡುವುದು ತಿಕ್ಕುವ ಕೈ ಮತ್ತು ಬಿಸಿ. ಕೆಲವರಿಗೆ ಐಸ್ ಹಿತವಾಗುತ್ತದೆ, ಅದೂ ತಪ್ಪಲ್ಲ. ತೀರಾ ನೋವಿದ್ದರೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಆದರೆ ಅದು ಉಳಿದ ನೋವಿಗೆ ಮಾತ್ರ. ಸೆಳೆತ ಬಂದಾಗ ಮಾತ್ರೆ ನುಂಗಿದರೆ, ಅದು ಕೆಲಸ ಶುರು ಮಾಡುವಷ್ಟರಲ್ಲಿ ಸೆಳೆತವೇ ಹೋಗಿರುತ್ತದೆ.

ಸಕ್ಕರೆ ಕಾಯಿಲೆ ಇರುವವರು ಮಾತ್ರ ಇಲ್ಲಿ ಹುಷಾರಾಗಿರಬೇಕು. ವರ್ಷಗಟ್ಟಲೆ ಸಕ್ಕರೆ ಇದ್ದವರ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರುತ್ತದೆ. ಚೀಲ ಎಷ್ಟು ಬಿಸಿ ಇದೆ ಅಂತ ಕಾಲಿಗೆ ಗೊತ್ತಾಗುವುದಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಬೊಕ್ಕೆ ಎದ್ದಿರುತ್ತದೆ. ಅದು ಹುಣ್ಣಾಗಿ ಮಾಯದೆ ತಿಂಗಳುಗಟ್ಟಲೆ ಕಾಡುವುದುಂಟು. ಅಂಥವರಿಗೆ ಶಾಖ ಬೇಡವೇ ಬೇಡ. ಕೈಯಿಂದ ತಿಕ್ಕಿದರೆ ಸಾಕು.

ರಾತ್ರಿಯೇ ಯಾಕೆ ಬರುತ್ತದೆ?

ಮಲಗಿರುವಾಗ ನಿಮ್ಮ ಪಾದ ಹೇಗಿರುತ್ತದೆ ಅಂತ ಒಮ್ಮೆ ಗಮನಿಸಿ. ಬೆರಳುಗಳು ಮುಂದಕ್ಕೆ, ಕೆಳಕ್ಕೆ ಬಾಗಿರುತ್ತವೆ. ಮೇಲೆ ದಪ್ಪ ರಗ್ಗೋ ರಜಾಯಿಯೋ ಇದ್ದರೆ ಅದರ ಭಾರಕ್ಕೆ ಇನ್ನಷ್ಟು ಬಾಗುತ್ತವೆ. ಆಗ ಮೀನಖಂಡದ ಸ್ನಾಯು ತನ್ನ ಅತಿ ಕಡಿಮೆ ಉದ್ದದಲ್ಲಿ ಇರುತ್ತದೆ. ಹೀಗೆ ಮೊದಲೇ ಕುಗ್ಗಿರುವ ಸ್ನಾಯುವಿಗೆ ನರದಿಂದ ಸಣ್ಣದೊಂದು ಸೂಚನೆ ಬಂದರೂ ಸಾಕು, ಅದು ಪೂರ್ತಿ ಬಿಗಿದುಕೊಂಡು ಬಿಡುತ್ತದೆ. ಬೆಳಗಿನ ಜಾವ ಮೈಮುರಿಯುವಾಗ ಬರುವ ಸೆಳೆತವೂ ಇದೇ. ವಯಸ್ಸಾದಂತೆ ಸ್ನಾಯುಗಳು ಕುಗ್ಗುತ್ತವೆ, ಓಡಾಟವೂ ಕಡಿಮೆಯಾಗುತ್ತದೆ, ಅದಕ್ಕೇ ಆಗ ಜಾಸ್ತಿ.

ಥಂಡಿಗೆ ಹೀಗಾಗುತ್ತದೆ ಅನ್ನುವ ಮಾತು ನಮ್ಮಲ್ಲಿ ಬಲವಾಗಿದೆ. ಕೆನಡಾದಲ್ಲಿ ಇದನ್ನು ಹುಡುಕಿ ನೋಡಿದ್ದರು. 2015ರಲ್ಲಿ ಅದು ಪ್ರಕಟವಾಯಿತು. ಅಲ್ಲಿನ ಕೊರೆಯುವ ಚಳಿಯಲ್ಲಿ ಅಲ್ಲ, ಬೇಸಿಗೆಯಲ್ಲೇ ಜನರಿಗೆ ಸೆಳೆತ ಜಾಸ್ತಿ ಅಂತ ಕಂಡುಬಂತು. ಹಾಗಾಗಿ ಕಾಲಿಗೆ ಎರಡೆರಡು ಸಾಕ್ಸ್ ಹಾಕಿಕೊಂಡು ಮಲಗಿ ಸುಮ್ನೆ ಬೆವರುವುದರಲ್ಲಿ ಹೆಚ್ಚು ಲಾಭವಿಲ್ಲ.

ಮಲಗುವ ಮುಂಚೆ ಗೋಡೆಯ ಮುಂದೆ ಮೂರು ನಿಮಿಷ

ಇಡೀ ಲೇಖನದಲ್ಲಿ ಒಂದನ್ನೇ ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ.

ಗೋಡೆಯಿಂದ ಒಂದು ತೋಳಿನಷ್ಟು ದೂರದಲ್ಲಿ, ಗೋಡೆಗೆ ಮುಖ ಮಾಡಿ ನಿಲ್ಲಿ. ಬರಿಗಾಲಲ್ಲಿ ನಿಂತರೆ ಒಳ್ಳೆಯದು, ಸಾಕ್ಸ್ ಹಾಕಿ ಟೈಲ್ಸ್ ಮೇಲೆ ನಿಂತರೆ ಜಾರುತ್ತದೆ. ಎರಡೂ ಅಂಗೈ ಗೋಡೆಗೆ ಊರಿ. ಒಂದು ಕಾಲು ಮುಂದೆ ಇಟ್ಟು ಮಂಡಿ ಸ್ವಲ್ಪ ಮಡಿಸಿ. ಹಿಂದಿನ ಕಾಲು ನೇರವಾಗಿರಲಿ. ಈಗ ಸೊಂಟವನ್ನು ಗೋಡೆಯ ಕಡೆಗೆ ತಳ್ಳಿ. ಹಿಂದಿನ ಕಾಲಿನ ಹಿಮ್ಮಡಿ ನೆಲ ಬಿಡಬಾರದು, ಬೆರಳುಗಳು ಗೋಡೆಯ ಕಡೆಗೇ ಇರಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಪಾದವನ್ನು ಹೊರಕ್ಕೆ ತಿರುಗಿಸಿಬಿಡುತ್ತಾರೆ, ಆಗ ಆರಾಮಾಗಿರುತ್ತದೆ, ಆದರೆ ಸ್ನಾಯು ಏನೂ ಎಳೆಯುವುದಿಲ್ಲ. ಮಂಡಿಯ ಹಿಂದಿನಿಂದ ಮೀನಖಂಡದ ನಡುವಿನವರೆಗೆ ಎಳೆತ ಗೊತ್ತಾಗಬೇಕು. ಎಳೆತ ಇರಲಿ, ನೋವು ಬೇಡ. ಇಪ್ಪತ್ತರಿಂದ ಮೂವತ್ತು ಸೆಕೆಂಡ್ ಹಾಗೇ ನಿಂತು ಬಿಡಿ. ಮೂರು ಸಲ. ಆಮೇಲೆ ಇನ್ನೊಂದು ಕಾಲು.

ಇದೇ ಭಂಗಿಯಲ್ಲಿ ಹಿಂದಿನ ಮಂಡಿಯನ್ನೂ ಸ್ವಲ್ಪ ಮಡಿಸಿ ಇನ್ನೊಂದು ಸಲ ಮಾಡಿದರೆ, ಒಳಗಿರುವ ಎರಡನೇ ಸ್ನಾಯುವಿಗೂ ಎಳೆತ ಸಿಗುತ್ತದೆ. ಎಳೆತ ಕೆಳಕ್ಕೆ, ಹಿಮ್ಮಡಿಯ ಹತ್ತಿರಕ್ಕೆ ಇಳಿದದ್ದು ನಿಮಗೇ ತಿಳಿಯುತ್ತದೆ. ತೊಡೆಯ ಹಿಂಭಾಗಕ್ಕೆ, ಮಂಚದ ಅಂಚಿನಲ್ಲಿ ಕೂತು ಒಂದು ಕಾಲು ಮುಂದಕ್ಕೆ ಚಾಚಿ, ಹಿಮ್ಮಡಿ ನೆಲಕ್ಕೂರಿ, ಬೆನ್ನು ಗೂನು ಮಾಡದೆ ಸೊಂಟದಿಂದ ಮುಂದಕ್ಕೆ ಬಾಗಿ.

ನಿಲ್ಲಲು ಆಗದವರು, ತಲೆ ಸುತ್ತುವವರು ಹಾಸಿಗೆಯ ಮೇಲೇ ಕಾಲು ಚಾಚಿ ಕೂತು ಟವೆಲಿನಿಂದ ಪಾದ ಎಳೆದುಕೊಂಡರೂ ಆಯಿತು.

ಇದು ನಿಜಕ್ಕೂ ಕೆಲಸ ಮಾಡುತ್ತದಾ? ನೆದರ್‌ಲ್ಯಾಂಡ್ಸ್‌ನಲ್ಲಿ 55 ದಾಟಿದ 80 ಜನರ ಮೇಲೆ ಆರು ವಾರ ಪರೀಕ್ಷೆ ಮಾಡಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧ ಜನ ಮಲಗುವ ಮುಂಚೆ ಮೀನಖಂಡ ಮತ್ತು ತೊಡೆಯ ಹಿಂಭಾಗವನ್ನು ಎಳೆದರು, ಉಳಿದವರು ಎಳೆಯಲಿಲ್ಲ. ಎಳೆದವರಿಗೆ ಸೆಳೆತ ಚೆನ್ನಾಗಿಯೇ ಕಡಿಮೆಯಾಯಿತು. ಅದಕ್ಕೂ ಮುಂಚೆ ಇಂಗ್ಲೆಂಡಿನ ಇನ್ನೊಂದು ಪರೀಕ್ಷೆಯಲ್ಲಿ ಲಾಭ ಕಂಡಿರಲಿಲ್ಲ. ಆದರೆ ಅಲ್ಲಿನವರು ಮೊದಲೇ ಸೆಳೆತಕ್ಕೆ ಕ್ವಿನೈನ್ ಅನ್ನುವ ಮಾತ್ರೆ ತೆಗೆದುಕೊಳ್ಳುತ್ತಿದ್ದವರು, ಹಾಗಾಗಿ ಎರಡನ್ನೂ ನೇರವಾಗಿ ಹೋಲಿಸಲಾಗದು. ಖರ್ಚಿಲ್ಲ, ಅಡ್ಡ ಪರಿಣಾಮವಿಲ್ಲ, ಮೂರು ನಿಮಿಷದ ಕೆಲಸ. ಆರು ವಾರ ಬಿಡದೆ ಮಾಡಿ ನೋಡದೆ ಬೇರೆ ದಾರಿ ಹಿಡಿಯುವುದರಲ್ಲಿ ಅರ್ಥವಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನಾಲ್ಕು ದಿನ ಮಾಡಿ "ಏನೂ ಆಗಲಿಲ್ಲ" ಅಂದರೆ ಅದು ಲೆಕ್ಕಕ್ಕಿಲ್ಲ.

ಇನ್ನೊಂದು ಮಾತು. ಕುಕ್ಕರುಗಾಲಿನಲ್ಲಿ, ಹಿಮ್ಮಡಿ ನೆಲಕ್ಕೆ ಊರಿ ಕೂತಾಗ ಮೀನಖಂಡದ ಕೆಳಭಾಗ ಚೆನ್ನಾಗಿ ಎಳೆಯುತ್ತದೆ. ಹಿಂದೆ ಪಾತ್ರೆ ತೊಳೆಯುವುದು, ರಂಗೋಲಿ ಹಾಕುವುದು, ಕಳೆ ಕೀಳುವುದು ಎಲ್ಲಾ ಹಾಗೇ ಕೂತು ಆಗುತ್ತಿತ್ತು. ಈಗ ಕುರ್ಚಿ, ಸೋಫಾ, ಕಮೋಡು. ಮಂಡಿ ನೋವಿಲ್ಲದವರು ದಿನಕ್ಕೆ ಒಂದೆರಡು ಸಲ ಹಾಗೆ ಕೂರುವ ಅಭ್ಯಾಸ ಉಳಿಸಿಕೊಂಡರೆ ನಷ್ಟವಂತೂ ಇಲ್ಲ. ಮಂಡಿ ಸವೆದವರು ಇದರ ತಂಟೆಗೆ ಹೋಗಬೇಡಿ.

ಮಲಗುವ ಜಾಗ

ಇಲ್ಲಿ ಮಾಡಬೇಕಾದ್ದು ಸ್ವಲ್ಪವೇ. ಹೊದಿಕೆಯನ್ನು ಹಾಸಿಗೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಬೇಡಿ, ಪಾದದ ಹತ್ತಿರ ಸಡಿಲ ಇರಲಿ. ಅಂಗಾತ ಮಲಗುವವರು ಅಂಗಾಲಿಗೆ ಒಂದು ದಿಂಬು ಆನಿಸಿಕೊಂಡರೆ ಪಾದ ಮೇಲ್ಮುಖವಾಗಿ ನಿಲ್ಲುತ್ತದೆ. ಬೋರಲು ಮಲಗುವವರು ಪಾದಗಳು ಮಂಚದ ಅಂಚಿನಿಂದ ಆಚೆ ಇಳಿಬಿದ್ದಿರುವ ಹಾಗೆ ಮಲಗಲಿ. ಟವೆಲ್ ಒಂದು ಕೈಗೆ ಸಿಗುವಲ್ಲಿ ಇರಲಿ, ಕರೆಂಟ್ ಹೋಗುವ ಊರಾದರೆ ಟಾರ್ಚೂ ಇರಲಿ. ಬಾತ್‌ರೂಮಿಗೆ ಹೋಗುವ ದಾರಿಯಲ್ಲಿ ಕಾಲಿಗೆ ಸಿಕ್ಕುವ ಚಾಪೆ, ವೈರು ತೆಗೆದುಬಿಡಿ.

ಇಡೀ ದಿನ ನಿಂತೇ ಕೆಲಸ ಮಾಡುವವರಿಗೆ, ಅಂದರೆ ಹೋಟೆಲ್ ಅಡುಗೆಯವರು, ಅಂಗಡಿಯವರು, ಟ್ರಾಫಿಕ್ ಪೊಲೀಸರು ಇಂಥವರಿಗೆ, ಸಂಜೆ ಹತ್ತು ನಿಮಿಷ ಕಾಲು ಎತ್ತರದಲ್ಲಿಟ್ಟು ಮಲಗುವುದು ಹಿತ. ಕೂತೇ ಕೆಲಸ ಮಾಡುವವರಿಗೆ ಉಲ್ಟಾ ಸಲಹೆ: ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ.

ಮಾತ್ರೆ ಚೀಲವನ್ನು ಒಮ್ಮೆ ಸುರುವಿ ನೋಡಿ

ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಬೇರೆ ಕಾಯಿಲೆಗೆ ತೆಗೆದುಕೊಳ್ಳುವ ಔಷಧದಿಂದಲೇ ಸೆಳೆತ ಬರಬಹುದು. ಮುಖ್ಯವಾಗಿ ಬಿಪಿಗೆ, ಕಾಲು ಊತಕ್ಕೆ ಕೊಡುವ ಮೂತ್ರ ಹೋಗುವ ಮಾತ್ರೆಗಳು. ಕೆಲವು ಬಿಪಿ ಮಾತ್ರೆಗಳಲ್ಲಿ ಇದು ಇನ್ನೊಂದು ಔಷಧದ ಜೊತೆ ಸೇರಿಕೊಂಡಿರುತ್ತದೆ. ಹೆಸರಿನ ಕೊನೆಯಲ್ಲಿ ಎಚ್ ಅಂತ ಇರುವ ಬಿಪಿ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಅದೇ ಇರುವುದು. ಎರಡನೆಯದು, ಉಬ್ಬಸಕ್ಕೆ ಬಳಸುವ ದೀರ್ಘಕಾಲ ಕೆಲಸ ಮಾಡುವ ಇನ್‌ಹೇಲರ್‌ಗಳು. ಕೊಲೆಸ್ಟ್ರಾಲ್‌ಗೆ ಕೊಡುವ ಸ್ಟ್ಯಾಟಿನ್ ಮಾತ್ರೆಗಳಿಂದಲೂ ಕೆಲವರಿಗೆ ಕಾಲಿನ ಸ್ನಾಯು ನೋವು ಬರುತ್ತದೆ.

ಹೊಸ ಮಾತ್ರೆ ಶುರುವಾದ ಮೇಲೆ ಸೆಳೆತ ಶುರುವಾಯಿತಾ ಅಂತ ನೆನಪಿಸಿಕೊಳ್ಳಿ. ಹೌದು ಅನ್ನಿಸಿದರೆ ಡಾಕ್ಟರಿಗೆ ಹೇಳಿ, ಬದಲಿಸಲು ಸಾಧ್ಯವಾ ಕೇಳಿ. ನೀವಾಗಿ ನಿಲ್ಲಿಸಬೇಡಿ. ಬಿಪಿ ಮಾತ್ರೆಯನ್ನೋ ಇನ್‌ಹೇಲರನ್ನೋ ಬಿಟ್ಟು ಆಗುವ ಅನಾಹುತದ ಮುಂದೆ ಕಾಲಿನ ಸೆಳೆತ ಏನೂ ಅಲ್ಲ.

ಬಾಳೆಹಣ್ಣು, ಎಳನೀರು, ಮೆಗ್ನೀಷಿಯಂ

ಸೆಳೆತ ಅಂದ ಕೂಡಲೇ ಎಲ್ಲರೂ ಹೇಳುವುದು ಇದನ್ನೇ. ಬಿಸಿಲಲ್ಲಿ ಗದ್ದೆ ಕೆಲಸ ಮಾಡಿ, ಬೆವರು ಹರಿಸಿ ಬಂದವರಿಗೆ, ಭೇದಿಯಾದವರಿಗೆ ನೀರು ಉಪ್ಪು ಕಡಿಮೆಯಾಗಿ ಸೆಳೆತ ಬರಬಹುದು. ಅವರಿಗೆ ಓಆರ್‌ಎಸ್, ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಆದರೆ ಮನೆಯಲ್ಲೇ ಇದ್ದು, ಸರಿಯಾಗಿ ಊಟ ಮಾಡುವವರಿಗೆ ರಾತ್ರಿ ಬರುವ ಸೆಳೆತ ಬಾಳೆಹಣ್ಣಿನಿಂದ ಹೋಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ತಿನ್ನಿ, ರುಚಿಗೆ ತಿನ್ನಿ.

ಕಿಡ್ನಿ ತೊಂದರೆ ಇರುವವರು ಮಾತ್ರ ಈ ಸಲಹೆಯನ್ನು ಕಿವಿಗೇ ಹಾಕಿಕೊಳ್ಳಬಾರದು. ಎಳನೀರಿನಲ್ಲಿ, ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಅದನ್ನು ಹೊರಹಾಕದಿದ್ದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಸೆಳೆತ ಸಾಮಾನ್ಯ. "ಪಾಪ, ಒಂದು ಎಳನೀರು ಕುಡೀರಿ" ಅಂತ ನೆಂಟರು ಕೊಡುವುದೂ ಸಾಮಾನ್ಯ. ದಯವಿಟ್ಟು ಕೊಡಬೇಡಿ.

ಮೆಗ್ನೀಷಿಯಂ ಮಾತ್ರೆ ಈಗ ಆನ್‌ಲೈನಿನಲ್ಲಿ ಭರ್ಜರಿಯಾಗಿ ಮಾರಾಟವಾಗುತ್ತಿದೆ. ಇಸ್ರೇಲಿನಲ್ಲಿ 94 ಜನರ ಮೇಲೆ ನಡೆದ ಪರೀಕ್ಷೆಯೊಂದು 2017ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ನಾಲ್ಕು ವಾರ ಮೆಗ್ನೀಷಿಯಂ ಆಕ್ಸೈಡ್, ಇನ್ನರ್ಧಕ್ಕೆ ನೋಡಲು ಅದರಂತೆಯೇ ಇರುವ ಖಾಲಿ ಮಾತ್ರೆ. ಮೆಗ್ನೀಷಿಯಂ ತೆಗೆದುಕೊಂಡವರಿಗೆ ವಾರಕ್ಕೆ ಸುಮಾರು ಎಂಟು ಇದ್ದ ಸೆಳೆತ ಸುಮಾರು ನಾಲ್ಕೂವರೆಗೆ ಇಳಿಯಿತು. ಖಾಲಿ ಮಾತ್ರೆಯವರಿಗೂ ಹೆಚ್ಚು ಕಡಿಮೆ ಅಷ್ಟೇ ಇಳಿಯಿತು! ಅಂದರೆ ಸೆಳೆತ ತಾನಾಗೇ ಏರುತ್ತದೆ, ಇಳಿಯುತ್ತದೆ. ಜಾಸ್ತಿಯಾದಾಗ ನಾವು ಏನೋ ಒಂದನ್ನು ಶುರು ಮಾಡುತ್ತೇವೆ. ಅದು ಇಳಿದಾಗ ಶುರು ಮಾಡಿದ್ದಕ್ಕೆ ಹೆಸರು ಬರುತ್ತದೆ. ಪಕ್ಕದ ಮನೆಯವರು "ನಂಗೆ ಇದರಿಂದಲೇ ವಾಸಿಯಾಯ್ತು" ಅಂದಾಗ ಇದು ನೆನಪಿರಲಿ.

ವಿಟಮಿನ್ ಕೆ2 ಬಗ್ಗೆ ಈಚೆಗೆ ಆಸಕ್ತಿ ಹುಟ್ಟಿದೆ. ಚೀನಾದಲ್ಲಿ 65 ದಾಟಿದ 199 ಜನರ ಮೇಲೆ ಮಾಡಿದ ಪರೀಕ್ಷೆಯಲ್ಲಿ ಒಳ್ಳೆಯ ಫಲಿತಾಂಶ ಬಂತು ಅಂತ 2024ರಲ್ಲಿ ಪ್ರಕಟವಾಗಿದೆ. ಒಂದೇ ಪರೀಕ್ಷೆ, ಇನ್ನೂ ನಾಲ್ಕಾರು ಕಡೆ ಆಗಲಿ ಅನ್ನುವುದು ನನ್ನ ಲೆಕ್ಕ. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಮುಟ್ಟಲೇಬಾರದು, ಎರಡಕ್ಕೂ ಆಗಿಬರುವುದಿಲ್ಲ.

ಇನ್ನು ಕ್ವಿನೈನ್. ಮಲೇರಿಯಾದ ಈ ಔಷಧವನ್ನು ಹಿಂದೆ ಸೆಳೆತಕ್ಕೂ ಕೊಡುತ್ತಿದ್ದರು. ಸೆಳೆತ ಸ್ವಲ್ಪ ಕಡಿಮೆಯಾಗುವುದು ನಿಜ. ಆದರೆ ಕೆಲವರಲ್ಲಿ ಪ್ಲೇಟ್‌ಲೆಟ್ ಕುಸಿದು ರಕ್ತಸ್ರಾವ, ಹೃದಯದ ಲಯ ತಪ್ಪುವುದು, ಸಾವು ಕೂಡ ಆಗಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1994ರಲ್ಲೇ ಸೆಳೆತಕ್ಕೆ ಚೀಟಿಯಿಲ್ಲದೆ ಮಾರುವುದನ್ನು ನಿಲ್ಲಿಸಿತು, 2010ರಲ್ಲಿ ಮತ್ತೆ ಎಚ್ಚರಿಸಿತು. ಯಾರಾದರೂ ಹಳೇ ಚೀಟಿ ತೋರಿಸಿ ತರಿಸಿಕೊಳ್ಳುತ್ತೇನೆ ಅಂದರೆ ಬೇಡ ಅನ್ನಿ.

ಬಸುರಿಯರಿಗೆ

ಐದಾರು ತಿಂಗಳ ನಂತರ ಸೆಳೆತ ಜಾಸ್ತಿ. ಮೇಲೆ ಹೇಳಿದ ಎಳೆತಗಳನ್ನೇ ಮಾಡಿ, ಗೋಡೆ ಹಿಡಿದು, ಹುಷಾರಾಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳನ್ನು ಒಟ್ಟಿಗೆ ನುಂಗಬೇಡಿ, ನಡುವೆ ಎರಡು ಗಂಟೆಯಾದರೂ ಅಂತರ ಇರಲಿ. ಮೈಗೆ ಹತ್ತಬೇಕಲ್ಲ. ರಾಗಿ ಮುದ್ದೆ, ರಾಗಿ ಗಂಜಿ ಧಾರಾಳವಾಗಿ ತಿನ್ನಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಬೇರೆ ಯಾವ ಮಾತ್ರೆಯನ್ನೂ ಕೇಳದೆ ತೆಗೆದುಕೊಳ್ಳಬೇಡಿ.

ಇದು ಸೆಳೆತವೇನಾ? ಡಾಕ್ಟರ ಹತ್ತಿರ ಯಾವಾಗ?

ಸೆಳೆತ ಅಂದರೆ ಸ್ನಾಯು ಮುಟ್ಟಲು ಗಟ್ಟಿಯಾಗಿರಬೇಕು, ಎಳೆದರೆ ಬಿಡಬೇಕು. ಗಟ್ಟಿಯಿಲ್ಲ, ನೋವೂ ಅಷ್ಟಿಲ್ಲ, ಆದರೆ ಕಾಲು ಆಡಿಸದೆ ಇರಲು ಆಗುತ್ತಿಲ್ಲ, ಎದ್ದು ನಡೆದರೆ ಮಾತ್ರ ನೆಮ್ಮದಿ ಅನ್ನುವಂತಿದ್ದರೆ ಅದು ಬೇರೆಯೇ ತೊಂದರೆ. ಅದಕ್ಕೆ ಮೈಯಲ್ಲಿ ಕಬ್ಬಿಣ ಕಡಿಮೆಯಿರುವುದು ಒಂದು ಕಾರಣ, ರಕ್ತ ಪರೀಕ್ಷೆ ಮಾಡಿಸಬೇಕು. ಉರಿ, ಜೋಮು, ಸೂಜಿ ಚುಚ್ಚಿದ ಹಾಗೆ ಅನ್ನಿಸಿದರೆ ನರದ ತೊಂದರೆ. ಸಕ್ಕರೆ ಕಾಯಿಲೆಯವರು, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರು ವಿಟಮಿನ್ ಬಿ12 ಕೂಡ ನೋಡಿಸಲಿ. ನಡೆದಾಗ ಮೀನಖಂಡ ಹಿಡಿದುಕೊಂಡು, ನಿಂತರೆ ಎರಡು ನಿಮಿಷದಲ್ಲಿ ಬಿಡುತ್ತಿದ್ದರೆ ಕಾಲಿಗೆ ರಕ್ತ ಸಾಲುತ್ತಿಲ್ಲದಿರಬಹುದು. ಬೀಡಿ ಸಿಗರೇಟು ಸೇದುವವರಂತೂ ಇದನ್ನು ತಳ್ಳಿಹಾಕಬೇಡಿ.

ಒಂದೇ ಕಾಲು ಊದಿ, ಬಿಸಿಯಾಗಿ, ಕೆಂಪಾಗಿ, ನೋವು ಬಿಡದೇ ಇದ್ದರೆ ತಿಕ್ಕಬೇಡಿ, ಎಳೆಯಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ. ಇತ್ತೀಚೆಗೆ ಆಪರೇಷನ್ ಆದವರು, ಬಸುರಿ ಬಾಣಂತಿಯರು, ದೂರ ಪ್ರಯಾಣ ಮಾಡಿದವರು ಮುಖ್ಯವಾಗಿ. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಫೋನ್ ಮಾಡಿ.

ಕಾಲಿನ ಶಕ್ತಿ ಕುಂದುತ್ತಿದ್ದರೆ, ಸ್ನಾಯು ಸೊರಗುತ್ತಿದ್ದರೆ, ಕೈ ಹೊಟ್ಟೆಯಲ್ಲೂ ಸೆಳೆತ ಬರುತ್ತಿದ್ದರೆ, ಅಥವಾ ಆರು ವಾರದ ಅಭ್ಯಾಸದ ನಂತರವೂ ನಿದ್ದೆ ಹಾಳಾಗುತ್ತಲೇ ಇದ್ದರೆ ತೋರಿಸಿ. ಸಕ್ಕರೆ, ಕಿಡ್ನಿ, ಥೈರಾಯ್ಡ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಇಷ್ಟನ್ನು ಸಾಮಾನ್ಯವಾಗಿ ನೋಡುತ್ತಾರೆ. ಹೋಗುವ ಮುಂಚೆ ಎರಡು ವಾರ ಕ್ಯಾಲೆಂಡರಿನಲ್ಲೇ ಗುರುತು ಹಾಕಿ: ಯಾವ ರಾತ್ರಿ, ಯಾವ ಕಾಲು, ಎಷ್ಟು ಹೊತ್ತು. "ತುಂಬಾ ಬರುತ್ತೆ ಡಾಕ್ಟ್ರೇ" ಅನ್ನುವುದಕ್ಕಿಂತ ಆ ಕ್ಯಾಲೆಂಡರ್ ಹಾಳೆಯಿಂದ ಅವರಿಗೆ ಜಾಸ್ತಿ ಗೊತ್ತಾಗುತ್ತದೆ. ಮಾತ್ರೆ ಚೀಲವನ್ನು ಪೂರ್ತಿ ತೆಗೆದುಕೊಂಡು ಹೋಗಿ. ಇನ್‌ಹೇಲರ್, ಆಯುರ್ವೇದದ ಪುಡಿ, ಆನ್‌ಲೈನಿನಲ್ಲಿ ತರಿಸಿದ ಡಬ್ಬಿ, ಎಲ್ಲವೂ ಅದರಲ್ಲಿರಲಿ.